ನಿಂತುಕೊಂಡೇ ಹಾಕಿದ ರುಜು

ವಿರಬೀನ್ ಊರಿನಲ್ಲಿ ವಿಲ್ಮಾ ಪ್ಯಾಸ್ಕೋಳ ಕಣ್ಣಿಗೆ ಹೆದರದ ಕೇಕು ಒಂದೂ ಇರಲಿಲ್ಲ. ಪ್ರತಿ ನವೆಂಬರಿನ ಎರಡನೇ ಶನಿವಾರ ನಡೆಯುವ ಕೃಷಿ ಪ್ರದರ್ಶನದಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳೇ ಅಡುಗೆ ವಿಭಾಗದ ತೀರ್ಪುಗಾರ್ತಿ. ಸ್ಪಂಜ್ ಕೇಕನ್ನು ಸುತ್ತ ತಿರುಗಿಸಿ ನೋಡುವಳು, ತಳ ಎತ್ತಿ ನೋಡುವಳು, ಮೂಸುವಳು, ಬೆರಳಿನಿಂದ ಒತ್ತುವಳು, ಇಷ್ಟೆಲ್ಲ ಆದ ಮೇಲೆ ಕೊಯ್ದು ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುವಳು. ಆರಲು ಇಟ್ಟ ತಂತಿ ಜಾಲರಿಯ ಗೆರೆ ಕೇಕಿನ ಮೇಲೆ ಮೂಡಿದ್ದರೆ ಆ ಕೇಕಿನ ಕಥೆ ಅಲ್ಲಿಗೇ ಮುಗಿಯಿತು. ಅಂಗಡಿಯಿಂದ ಕೇಕು ತಂದು ಮನೆಯದೆಂದು ಇಟ್ಟಿದ್ದ ಒಬ್ಬ ಪಾದ್ರಿಯ ಹೆಂಡತಿಯನ್ನು ಬರೀ ಕೇಕು ಮೂಸಿ ಹಿಡಿದಿದ್ದಳು. ಆ ಪಾದ್ರಿ ಮರುವರ್ಷ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದರು.

ಇಂಥ ಹೆಂಗಸು ತನ್ನ ಮನೆಯಲ್ಲಿ ಗಂಡ ಮುಂದಿಟ್ಟ ಕಾಗದಗಳಿಗೆಲ್ಲ ಮೂವತ್ತೊಂದು ವರ್ಷ ಓದದೆ ರುಜು ಹಾಕಿದಳು ಎಂದರೆ ಯಾರಾದರೂ ನಕ್ಕಾರು. ಆದರೆ ಹಾಕಿದ್ದಳು. ಬೆಳಿಗ್ಗೆ ಏಳು ಗಂಟೆಗೆ ಗಂಡ ಡೆಸ್ ಮೇಜಿನ ಮುಂದೆ ಕೂತು ಮೊಟ್ಟೆಗೆ ಕಾಯುತ್ತಿದ್ದ. ಅವಳು ಒಲೆಯ ಮುಂದೆ ನಿಂತಿರುತ್ತಿದ್ದಳು. ಅವನು ಒಂದು ಕಟ್ಟು ಕಾಗದ ತಂದು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡುತ್ತಿದ್ದ. ಎಲ್ಲೆಲ್ಲಿ ರುಜು ಬೇಕೋ ಅಲ್ಲಲ್ಲಿ ಹಳದಿ ಚೀಟಿ ಅಂಟಿಸಿರುತ್ತಿದ್ದ. "ಚಿನ್ನ, ಹಳದಿ ಇರೋ ಕಡೆ ಒಂದು ಗೀಚಿಬಿಡು, ಲಾರಿ ಕೆಲಸ, ನಿನ್ನ ತಲೆಗೆ ಯಾಕೆ ಇದೆಲ್ಲ" ಅನ್ನುತ್ತಿದ್ದ. ಅವಳು ಎಡಗೈಯಲ್ಲಿ ಮೊಟ್ಟೆ ಮಗುಚುತ್ತ ಬಲಗೈಯಲ್ಲಿ ಗೀಚುತ್ತಿದ್ದಳು. ಮೊಟ್ಟೆ ಮಾತ್ರ ಒಂದು ದಿನವೂ ಸೀದಿರಲಿಲ್ಲ.

ಡೆಸ್ ಒಂದು ದಿನ ಕ್ಯಾರವಾನ್ ಎಂಬ ಮನೆಗಾಡಿಯನ್ನು ಕಾರಿಗೆ ಸಿಕ್ಕಿಸಿಕೊಂಡು ಉತ್ತರಕ್ಕೆ ಮೀನು ಹಿಡಿಯಲು ಹೊರಟ. ಎರಡು ವಾರ ಅಂದವನು ಹನ್ನೊಂದು ತಿಂಗಳಾದರೂ ಬರಲಿಲ್ಲ. ಊರಿನವರು ಕೇಳಿದರೆ ವಿಲ್ಮಾ "ಅಲ್ಲಿ ಮೀನು ಚೆನ್ನಾಗಿ ಕಚ್ತಿವೆಯಂತೆ" ಅನ್ನುತ್ತಿದ್ದಳು. ಹನ್ನೊಂದು ತಿಂಗಳು ಕಚ್ಚುವಷ್ಟು ಮೀನು ಯಾವ ಸಮುದ್ರದಲ್ಲಿದೆ ಎಂದು ಊರಿನವರೂ ಕೇಳಲಿಲ್ಲ, ಅಷ್ಟು ಸಭ್ಯತೆ ಅವರಿಗಿತ್ತು. ಬ್ಯಾಂಕಿನಲ್ಲಿ ಇದ್ದದ್ದು ಅವನ ಹೆಸರಿನ ಖಾತೆ ಒಂದೇ. ಶಾಲೆಯ ಕ್ಯಾಂಟೀನಿನಲ್ಲಿ ವಿಲ್ಮಾ ದುಡಿದ ಸಂಬಳವೂ ಅದಕ್ಕೇ ಹೋಗುತ್ತಿತ್ತು. ಮನೆಖರ್ಚಿಗೆ ಅವನು ಶುಕ್ರವಾರಕ್ಕೊಂದು ಲಕೋಟೆ ಕೊಡುತ್ತಿದ್ದ, ಮುಂದಿನ ಶುಕ್ರವಾರ ರಸೀದಿ ಕೇಳುತ್ತಿದ್ದ. ಅವನು ಹೋದ ಮೇಲೆ ಲಕೋಟೆಯೂ ನಿಂತಿತು. ಅವಳು ಕ್ಯಾಂಟೀನಿನವರಿಗೆ ಹೇಳಿ ಸಂಬಳವನ್ನು ನಗದಾಗಿ ತೆಗೆದುಕೊಂಡು ಹಿಟ್ಟಿನ ಡಬ್ಬಿಯಲ್ಲಿ ಇಡತೊಡಗಿದಳು.

ಲಕೋಟೆ ನಿಂತರೂ ಅಂಚೆ ನಿಲ್ಲಲಿಲ್ಲ. ಮುಂದೆ ಸಣ್ಣ ಕಿಟಕಿಯಿದ್ದ ಉದ್ದನೆಯ ಬಿಳಿ ಕವರುಗಳು ಬರತೊಡಗಿದವು. ಕಿಟಕಿಯೊಳಗಿಂದ ಕಾಣುತ್ತಿದ್ದದ್ದು ಡೆಸ್ ಹೆಸರಲ್ಲ, ಅವಳದೇ ಹೆಸರು. ಮೊದಲನೆಯದನ್ನು ತೆರೆದಳು. "ಎಂಬತ್ತಾರು ಸಾವಿರ ಡಾಲರ್" ಎಂಬ ಕಡೆ ಕಣ್ಣು ನಿಂತಿತು, ಮುಂದೆ ಓದಲಾಗಲಿಲ್ಲ. ಅದನ್ನು ಹಾಗೇ ಮಡಿಸಿ ಖಾಲಿ ಐಸ್‌ಕ್ರೀಮ್ ಡಬ್ಬಿಗೆ ಹಾಕಿ, ದೊಡ್ಡ ಫ್ರೀಜರಿನಲ್ಲಿ ಕುರಿಮಾಂಸದ ಪೊಟ್ಟಣಗಳ ಕೆಳಗೆ ಇಟ್ಟಳು. ಮುಂದೆ ಬಂದವೆಲ್ಲ ತೆರೆಯದೆಯೇ ಅಲ್ಲಿಗೇ ಹೋದವು. ಅವಳ ಅನುಭವದಲ್ಲಿ ಫ್ರೀಜರಿಗೆ ಹಾಕಿದ ಯಾವ ವಸ್ತುವೂ ಅಷ್ಟು ಬೇಗ ಕೆಟ್ಟಿರಲಿಲ್ಲ. ಜುಲೈ ತಿಂಗಳಲ್ಲಿ ಫ್ರೀಜರೇ ಕೆಟ್ಟಿತು.

ಆ ಬುಧವಾರ ಬೆಳಿಗ್ಗೆ ಮಾಂಸವೆಲ್ಲ ಕರಗಿ ನೀರು ಹರಿಯುತ್ತಿತ್ತು. ಐಸ್‌ಕ್ರೀಮ್ ಡಬ್ಬಿಯಲ್ಲಿ ಒಂಬತ್ತು ಕವರು ಒದ್ದೆಯಾಗಿ ಒಂದಕ್ಕೊಂದು ಅಂಟಿದ್ದವು. ಮೇಲಿನದು ನೆನೆದು ತಾನಾಗಿಯೇ ಬಾಯಿ ಬಿಟ್ಟಿತ್ತು. ಓದಬಾರದು ಅಂದುಕೊಂಡೇ ಓದಿದಳು. ಪ್ಯಾಸ್ಕೋ ಸಾಗಣೆ ಕಂಪನಿ ತನ್ನ ಚಾಲಕರ ಸಂಬಳದಿಂದ ಹಿಡಿದುಕೊಂಡ ತೆರಿಗೆಯನ್ನು ಕಟ್ಟಿಲ್ಲ. ಕಂಪನಿಯ ಡೈರೆಕ್ಟರ್ ಆದ ವಿಲ್ಮಾ ಪ್ಯಾಸ್ಕೋ ಅವರು ಇಪ್ಪತ್ತೊಂದು ದಿನದೊಳಗೆ ಉತ್ತರ ಕೊಡದಿದ್ದರೆ ಆ ಸಾಲ ಅವರ ಸ್ವಂತ ಸಾಲ. ತಾರೀಕು ನೋಡಿದಳು. ಹನ್ನೆರಡು ದಿನ ಕಳೆದಿತ್ತು, ಉಳಿದದ್ದು ಒಂಬತ್ತು. ಅವಳ ಹೆಸರಿನಲ್ಲಿ ಈ ಭೂಮಿಯ ಮೇಲೆ ಇದ್ದದ್ದು ಒಂದೇ ಆಸ್ತಿ, ಅವಳ ಅಮ್ಮ ಐವಿ ಬಿಟ್ಟುಹೋದ ಈ ಹಲಗೆ ಮನೆ, ಹಿತ್ತಲಿನ ನಿಂಬೆಗಿಡ. ಹೋಗುವುದಾದರೆ ಮನೆಯೇ ಹೋಗಬೇಕು, ಬೇರೆ ಏನೂ ಇಲ್ಲ.

ಊರ ಗ್ರಂಥಾಲಯದ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿತ್ತು. ಪ್ರತಿ ಬುಧವಾರ ಹತ್ತರಿಂದ ಎರಡು, ಉಚಿತ ತೆರಿಗೆ ನೆರವು, ಕಷ್ಟದಲ್ಲಿರುವವರಿಗೆ, ಸಂಗಾತಿಯಿಂದ ದುಡ್ಡಿನ ತೊಂದರೆಗೆ ಸಿಕ್ಕವರಿಗೆ. ವಿಲ್ಮಾ ಆರು ತಿಂಗಳಿಂದ ಪುಸ್ತಕ ಬದಲಾಯಿಸಲು ಹೋದಾಗಲೆಲ್ಲ ಆ ಹಾಳೆಯನ್ನು ಓದಿದ್ದಳು. ಪಾಪ, ಇಂಥವರೂ ಇರುತ್ತಾರೆ ಎಂದು ಮರುಗಿದ್ದಳು. ಈಗ ಐಸ್‌ಕ್ರೀಮ್ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಅದೇ ಗೋಡೆಯ ಮುಂದೆ ನಿಂತಳು. ಹೆಣಿಗೆಯ ಗುಂಪಿನವರು ಪಕ್ಕದ ಮೇಜಿನಲ್ಲೇ ಕೂತಿದ್ದರು. ಅವರಿಗೆ ಕೇಳುವಂತೆ "ಒಬ್ಬ ಗೆಳತಿಗೋಸ್ಕರ ವಿಚಾರಿಸೋಕೆ ಬಂದೆ" ಅಂದಳು. ಹೆಣಿಗೆಯವರು ಒಬ್ಬರೂ ತಲೆ ಎತ್ತಲಿಲ್ಲ. ಅವರ ಕಡ್ಡಿಗಳು ಮಾತ್ರ ಗಕ್ಕನೆ ನಿಂತವು.

ನೆರವಿನ ಕೋಣೆಯಲ್ಲಿದ್ದವಳು ಥಿಯಾ ಮರಂಗೋಸ್. ಅರವತ್ತು ದಾಟಿದ, ಗಿಡ್ಡ ಕೂದಲಿನ, ದಪ್ಪ ಕನ್ನಡಕದ ಹೆಂಗಸು. ಇಪ್ಪತ್ತೆಂಟು ವರ್ಷ ತೆರಿಗೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿ, ಈಗ ವಾರಕ್ಕೊಂದು ದಿನ ಎರಡು ತಾಸು ಕಾರು ಓಡಿಸಿಕೊಂಡು ಇಲ್ಲಿಗೆ ಬರುತ್ತಿದ್ದಳು. ಡಬ್ಬಿ ತೆರೆದು ನೋಡಿ ಏನೂ ವಿಶೇಷವಿಲ್ಲವೆಂಬಂತೆ ಎದ್ದು, ಒದ್ದೆ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಚಳಿಗೆ ಹಚ್ಚಿಟ್ಟಿದ್ದ ಹೀಟರಿನ ಮೇಲೆ ಹರಡಿದಳು. ಕೋಣೆಯಲ್ಲಿ ಸಣ್ಣಗೆ ಕುರಿಮಾಂಸದ ವಾಸನೆ ಹರಡಿತು.

"ಇಂಥ ಕಾಗದ ಬರೀತಿದ್ದವರಲ್ಲಿ ನಾನೂ ಒಬ್ಬಳು" ಅಂದಳು ಥಿಯಾ. "ಜನ ಇದನ್ನ ಎಲ್ಲೆಲ್ಲಿ ಬಚ್ಚಿಡ್ತಾರೆ ಅಂತ ಈಗ ಗೊತ್ತಾಗ್ತಿದೆ. ಹೋದ ತಿಂಗಳು ಒಬ್ಬರು ಕೋಳಿಗೂಡಿಂದ ತಂದಿದ್ರು. ನಿಮ್ಮದು ಎಷ್ಟೋ ವಾಸಿ. ಅಲ್ಲ, ನಿಮ್ಮ ಗೆಳತಿಯದು."

ವಿಲ್ಮಾ ಗೆಳತಿಯ ಕಥೆ ಹೇಳತೊಡಗಿದಳು. ಗೆಳತಿಯ ಗಂಡನ ಹಳೆಯ ಲಾರಿ ವ್ಯಾಪಾರ ಒಂಬತ್ತು ವರ್ಷದ ಹಿಂದೆ ಮುಳುಗಿ ಅವನು ದಿವಾಳಿ ಎದ್ದದ್ದು, ಮರುವರ್ಷವೇ ಹೊಸ ಕಂಪನಿ ಶುರು ಮಾಡಿದ್ದು, ಲಕೋಟೆ, ರಸೀದಿ, ಹಳದಿ ಚೀಟಿ. ಎರಡನೇ ಕಪ್ ಚಹಾದ ಹೊತ್ತಿಗೆ ಗೆಳತಿ ತಾನಾಗಿಯೇ "ನಾನು" ಆಗಿದ್ದಳು. ಥಿಯಾ ಅದನ್ನು ಗಮನಿಸಿದ್ದನ್ನು ತೋರಿಸಿಕೊಳ್ಳಲಿಲ್ಲ. ದಿವಾಳಿ ಎದ್ದವನು ಕಂಪನಿಯ ಡೈರೆಕ್ಟರ್ ಆಗುವ ಹಾಗಿಲ್ಲ, ಅದಕ್ಕೇ ಹೆಂಡತಿಯ ಹೆಸರು ಹಾಕಿದ್ದಾನೆ, ಲಾಭಕ್ಕೆ ಅವನು, ಸಾಲಕ್ಕೆ ನೀವು ಎಂದು ವಿವರಿಸಿದಳು. ಇದಕ್ಕೆ ದುಡ್ಡಿನ ದೌರ್ಜನ್ಯ ಅಂತಾರೆ, ನೀವೊಬ್ಬರೇ ಅಲ್ಲ ಅಂದಳು.

ವಿಲ್ಮಾಳಿಗೆ ಸಿಟ್ಟು ಬಂತು. ಆ ಪದ ಗೋಡೆಯ ಮೇಲಿನ ಹಾಳೆಗೆ ಸರಿ, ಅವಳ ಮನೆಗಲ್ಲ. "ಅವನು ಒಂದು ದಿನಾನೂ ನನ್ನ ಮೇಲೆ ಕೈ ಎತ್ತಿದವನಲ್ಲ" ಅಂದಳು.

"ಎತ್ತೋ ಅಗತ್ಯವೇ ಬೀಳ್ಲಿಲ್ಲ" ಅಂದಳು ಥಿಯಾ. "ಆ ಕೈಯಲ್ಲಿ ನಿಮ್ಮ ಪರ್ಸಿತ್ತು."

ವಿಲ್ಮಾಳಿಗೆ ಅಳು ಬರುವಂತಿತ್ತು, ಆದರೆ ಪಕ್ಕದ ಕೋಣೆಯಲ್ಲಿ ಹೆಣಿಗೆಯವರಿದ್ದಾರೆ ಎಂದು ನೆನಪಾಗಿ ಮೂಗು ಒರೆಸಿಕೊಂಡಳು.

ಥಿಯಾ ಕಂಪ್ಯೂಟರಿನಲ್ಲಿ ಹುಡುಕಿ, ಫೋನು ಮಾಡಿ, ಮಧ್ಯಾಹ್ನದ ಹೊತ್ತಿಗೆ ಒಂದು ಹಾಳೆಯ ಪ್ರತಿ ತರಿಸಿದಳು. ಕಂಪನಿಯ ಡೈರೆಕ್ಟರ್ ಆಗಲು ಒಪ್ಪಿಗೆ ಪತ್ರ. ಕೆಳಗೆ ವಿಲ್ಮಾ ಪ್ಯಾಸ್ಕೋ ಎಂದು ರುಜು, ಪಕ್ಕದಲ್ಲಿ ಸಾಕ್ಷಿಯಾಗಿ ಡೆಸ್‌ನ ತಮ್ಮನ ರುಜು. ಇದು ನಿಮ್ಮದೇನಾ ಎಂದು ಕೇಳಿದಳು. ವಿಲ್ಮಾ ಸರಿಯಾಗಿ ನೋಡಲೂ ಇಲ್ಲ, ನನ್ನದೇ, ಇಟ್ಟ ಕಾಗದಕ್ಕೆಲ್ಲ ಹಾಕಿದ್ದೇನೆ, ಇದಕ್ಕೂ ಹಾಕಿರುತ್ತೇನೆ, ತಪ್ಪು ನನ್ನದೇ ಎಂದುಬಿಟ್ಟಳು. ಇಷ್ಟು ಹೊತ್ತಿಗೆ ಅವಳು ಮನಸ್ಸಿನಲ್ಲೇ ಮನೆಯನ್ನು ಮಾರಿ, ನಿಂಬೆಗಿಡಕ್ಕೂ ಎಳ್ಳುನೀರು ಬಿಟ್ಟಾಗಿತ್ತು.

ಥಿಯಾ ಕನ್ನಡಕ ತೆಗೆದಳು. ವಿಲ್ಮಾ ಯಾರೆಂದು ಹೆಣಿಗೆಯವರು ಆಗಲೇ ಅವಳ ಕಿವಿಗೆ ಹಾಕಿದ್ದರು. "ನೀವು ಕೇಕಿನ ತೀರ್ಪುಗಾರರಂತೆ" ಅಂದಳು. "ತಳ ಎತ್ತಿ ನೋಡದೆ ಯಾರಿಗಾದರೂ ಬಹುಮಾನ ಕೊಟ್ಟಿದೀರಾ?"

"ಕೊಟ್ಟಿಲ್ಲ."

"ಹಾಗಾದ್ರೆ ಇದಕ್ಕೆ ಯಾಕೆ ಕೊಡ್ತಿದೀರಿ? ಸರಿಯಾಗಿ ನೋಡಿ."

ಕೆಣಕಿದಂತಾಗಿ ವಿಲ್ಮಾ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಬೆಳಕಿಗೆ ಹಿಡಿದಳು. ತಿರುಗಿಸಿದಳು. ಅಭ್ಯಾಸಬಲದಿಂದ ಒಮ್ಮೆ ಮೂಸಿಯೂ ಬಿಟ್ಟಳು. ಅಕ್ಷರ ಅವಳದರಂತೆಯೇ ಇತ್ತು, ಅವಳದಕ್ಕಿಂತ ಚೆನ್ನಾಗಿಯೇ ಇತ್ತು. ಏನೋ ಒಂದು ಸರಿಯಿಲ್ಲ ಅನಿಸಿತು. ಬಣ್ಣ, ಎತ್ತರ, ಪರಿಮಳ ಎಲ್ಲ ಸರಿಯಿದ್ದೂ ಮನೆಯ ಒಲೆ ಕಾಣದ ಕೇಕನ್ನು ಎತ್ತಿಕೊಂಡಾಗ ಆಗುವ ಅನುಮಾನ ಅದು. ಆಮೇಲೆ ಗೊತ್ತಾಯಿತು. ರುಜು ಗೆರೆಯ ಮೇಲೆ ನೇರವಾಗಿ, ನೆಮ್ಮದಿಯಾಗಿ ಕೂತಿತ್ತು.

"ಇದು ನನ್ನದಲ್ಲ" ಅಂದಳು ನಿಧಾನವಾಗಿ. "ನನ್ನ ರುಜು ಕೊನೇಲಿ ಕೆಳಗಿಳಿಯುತ್ತೆ. ನಾನು ಆ ಮನೇಲಿ ಕೂತು ರುಜು ಹಾಕಿದ್ದೇ ಇಲ್ಲ. ಒಲೆ ಮುಂದೆ ನಿಂತೇ ಹಾಕಿದ್ದು, ಒಂದು ಕೈಲಿ ಸೌಟು. ಇದನ್ನ ಯಾರೋ ಕುರ್ಚಿ ಎಳ್ಕೊಂಡು ಕೂತು ಬರ್ದಿದಾರೆ."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಏನೆಂದು ಅವಳಿಗೇ ಕೇಳಿಸಿತು. ಮೂವತ್ತೊಂದು ವರ್ಷದಲ್ಲಿ ತನಗೊಂದು ಕುರ್ಚಿ ಎಳೆದುಕೊಳ್ಳಬೇಕು ಅನ್ನಿಸಿರಲೇ ಇಲ್ಲ. ಈಗ ಅಳು ತಡೆಯಲಾಗಲಿಲ್ಲ. ಥಿಯಾ ಎದ್ದು ಹೋಗಿ ಬಾಗಿಲು ಮುಚ್ಚಿದಳು, ಹೀಟರಿನ ಮೇಲಿನ ಕಾಗದಗಳನ್ನು ಮಗುಚಿ ಹಾಕತೊಡಗಿದಳು.

ಆದರೆ ಇಳಿಜಾರು ರುಜುವನ್ನು ನಂಬಿ ತೆರಿಗೆ ಕಚೇರಿಯವರು ಎಂಬತ್ತಾರು ಸಾವಿರ ಬಿಡುತ್ತಾರೆಯೇ? ಬಿಡಲಿಕ್ಕಿಲ್ಲ ಎಂದು ಥಿಯಾ ಒಪ್ಪಿಕೊಂಡಳು. ಇನ್ನೂ ಗಟ್ಟಿಯಾದದ್ದು ಬೇಕಿತ್ತು. ಇಬ್ಬರೂ ಹಾಳೆಯನ್ನು ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಓದಿದರು. ಸ್ಥಳ, ಪ್ಯಾಸ್ಕೋ ದಂಪತಿಯ ಮನೆಯ ಅಡುಗೆಕೋಣೆ. ಸಮಯ, ಬೆಳಿಗ್ಗೆ ಹತ್ತೂವರೆ. ದಿನ, ಶನಿವಾರ, ಎಂಟು ವರ್ಷದ ಹಿಂದಿನ ನವೆಂಬರ್ ತಿಂಗಳ ಎರಡನೇ ಶನಿವಾರ. ಪ್ರದರ್ಶನದ ದಿನ.

ಅವಳು ಮನೆಯಲ್ಲಿ ಇಲ್ಲದ ದಿನ ನೋಡಿ, ತಮ್ಮನನ್ನು ಕರೆಸಿ, ನಿಶ್ಚಿಂತೆಯಿಂದ ಮಾಡಿದ ಕೆಲಸ. ಬುದ್ಧಿವಂತ ಡೆಸ್ ಹೆಂಡತಿ ಇಲ್ಲದ ದಿನವನ್ನು ಸರಿಯಾಗಿ ಆರಿಸಿದ್ದ. ಕಾಗದಕ್ಕೆ ಅದೇ ದಿನದ ತಾರೀಕನ್ನೂ ಹಾಕಿದ್ದ, ಅಷ್ಟು ಪ್ರಾಮಾಣಿಕ. ಅವಳು ಇಲ್ಲದ ದಿನ ಎಲ್ಲಿರುತ್ತಾಳೆ ಎಂದು ಅವನು ಒಂದು ಸಲವೂ ಯೋಚಿಸಿರಲಿಲ್ಲ. ಹೆಂಡತಿಯ ಕೇಕಿನ ಹುಚ್ಚಿನ ಬಗ್ಗೆ ಅವನಿಗೆ ಎಂದೂ ಆಸಕ್ತಿ ಇರಲಿಲ್ಲ.

ವಿರಬೀನ್ ಪ್ರದರ್ಶನದಲ್ಲಿ ಅಡುಗೆ ಶೆಡ್ಡಿಗೆ ಬೆಳಿಗ್ಗೆ ಎಂಟಕ್ಕೆ ಬೀಗ ಬೀಳುತ್ತದೆ. ಒಳಗೆ ತೀರ್ಪುಗಾರ್ತಿ, ಉಸ್ತುವಾರಿ, ಇನ್ನೂರು ತಟ್ಟೆಗಳು. ಹನ್ನೆರಡಕ್ಕೆ ಬಹುಮಾನದ ರಿಬ್ಬನ್ ಚುಚ್ಚುವವರೆಗೆ ಯಾರೂ ಹೊರಗೆ ಬರುವ ಹಾಗಿಲ್ಲ. ಹಿಂದೆ ಯಾವಳೋ ಒಬ್ಬ ತೀರ್ಪುಗಾರ್ತಿ ಶೌಚಾಲಯಕ್ಕೆಂದು ಹೋಗಿ ಅಲ್ಲಿ ನಾದಿನಿಯ ಬಾಯಿಂದ ಅವಳ ಕೇಕಿನ ಗುರುತು ಕೇಳಿಕೊಂಡು ಬಂದಳು ಎಂಬ ಹಗರಣವಾದ ಮೇಲೆ, ಶೌಚಾಲಯಕ್ಕೂ ಉಸ್ತುವಾರಿ ಜೊತೆಗೇ ಹೋಗಬೇಕು, ಹೋದ ಹೊತ್ತು ಬಂದ ಹೊತ್ತು ಪುಸ್ತಕದಲ್ಲಿ ಬರೆಯಬೇಕು, ತೀರ್ಪುಗಾರ್ತಿ ಅದಕ್ಕೆ ರುಜು ಹಾಕಬೇಕು ಎಂದು ನಿಯಮವಾಯಿತು. ವಿಲ್ಮಾ ಇದನ್ನೆಲ್ಲ ಹೇಳುತ್ತಿದ್ದರೆ ಥಿಯಾಳ ಮುಖ ಅರಳುತ್ತಾ ಹೋಯಿತು. ಆ ಪುಸ್ತಕ ಈಗ ಯಾರ ಹತ್ತಿರ ಇದೆ ಎಂದು ಕೇಳಿದಳು. ವಿಲ್ಮಾಳ ಮುಖ ಮಾತ್ರ ಬಾಡಿತು.

ಪುಸ್ತಕ ಇದ್ದದ್ದು ನೊರೀನ್ ಬಾಟ್ ಹತ್ತಿರ. ನೊರೀನ್ ಇಪ್ಪತ್ತು ವರ್ಷದಿಂದ ಆ ಶೆಡ್ಡಿನ ಉಸ್ತುವಾರಿ. ಹನ್ನೊಂದು ವರ್ಷದ ಹಿಂದೆ ಕೈ ಮುರಿದುಕೊಂಡು ಒಂದು ವರ್ಷ ಉಸ್ತುವಾರಿ ಬಿಟ್ಟಿದ್ದಳು, ಆ ಬಿಡುವಿನಲ್ಲಿ ಎಡಗೈಯಲ್ಲೇ ಕಲಸಿ ಒಂದು ಸ್ಪಂಜ್ ಕೇಕು ಸ್ಪರ್ಧೆಗೆ ಇಟ್ಟಳು. ವಿಲ್ಮಾ ಅದನ್ನು ಮೂರನೆಯ ಸ್ಥಾನಕ್ಕೆ ತಳ್ಳಿ ಚೀಟಿಯಲ್ಲಿ "ಜಾಲರಿ ಗುರುತಿದೆ. ಉಳಿದಂತೆ ಪರವಾಗಿಲ್ಲ" ಎಂದು ಬರೆದಳು. ನೊರೀನ್ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಳು. ಅಂದಿನಿಂದ ವರ್ಷಕ್ಕೊಂದು ದಿನ ಇಬ್ಬರೂ ಬೀಗ ಹಾಕಿದ ಶೆಡ್ಡಿನೊಳಗೆ ನಾಲ್ಕು ತಾಸು ಜೊತೆಗಿರುತ್ತಿದ್ದರು. ಆಡುತ್ತಿದ್ದ ಮಾತು "ಮುಂದಿನ ತಟ್ಟೆ" ಎಂಬುದೊಂದೇ.

ನೀವೇ ಕೇಳಿ ತರಿಸಿಕೊಳ್ಳಿ ಎಂದು ವಿಲ್ಮಾ ಬೇಡಿಕೊಂಡಳು. ನಿಮ್ಮ ವಿಷಯ ನಾನು ಇನ್ನೊಬ್ಬರ ಮುಂದೆ ಬಾಯಿ ಬಿಡುವ ಹಾಗಿಲ್ಲ, ಹೇಳುವವರು ನೀವೇ ಆಗಬೇಕು, ಮುಂದಿನ ಬುಧವಾರ ಪುಸ್ತಕದ ಸಮೇತ ಬನ್ನಿ, ಆವತ್ತೇ ಉತ್ತರ ಕಳಿಸೋಣ ಅಂದಳು ಥಿಯಾ. ವಿಲ್ಮಾ ಮನೆಗೆ ಬಂದು ಎರಡು ದಿನ ಫ್ರೀಜರ್ ಒರೆಸಿದಳು. ಎಂಬತ್ತಾರು ಸಾವಿರ ಕೊಡುವುದು ಸುಲಭವೋ ನೊರೀನಳ ಬಾಗಿಲು ತಟ್ಟುವುದು ಸುಲಭವೋ ಎಂದು ನಿಜಕ್ಕೂ ತೂಗಿ ನೋಡಿದಳು. ಶನಿವಾರ ನಿಂಬೆಗಿಡದ ಕೆಳಗೆ ಬಿದ್ದ ಹಣ್ಣು ಆರಿಸುತ್ತಿದ್ದಾಗ, ಅಮ್ಮ ಇದಕ್ಕೆ ಬಚ್ಚಲ ನೀರು ಹೊತ್ತು ಹಾಕುತ್ತಿದ್ದದ್ದು ನೆನಪಾಯಿತು. ಆರಿಸಿದ ಹಣ್ಣನ್ನೆಲ್ಲ ಬುಟ್ಟಿಗೆ ಹಾಕಿಕೊಂಡು ಹಾಗೇ ಹೊರಟಳು.

ನೊರೀನ್ ಬಾಗಿಲು ತೆರೆದು, ವಿಲ್ಮಾಳನ್ನು ನೋಡಿ, ನಿಂಬೆಹಣ್ಣಿನ ಬುಟ್ಟಿಯನ್ನು ನೋಡಿ, ಯಾರು ಸತ್ತರು ಎಂದು ಕೇಳಿದಳು. ಯಾರೂ ಇಲ್ಲ ಅಂದ ಮೇಲೆ ಒಳಗೆ ಬಿಟ್ಟಳು. ಚಹಾ ಮಾಡಿದಳು. ಬೇಕೆಂದೇ ಒಂದು ಸ್ಪಂಜ್ ಕೇಕು ತಂದು ಮುಂದಿಟ್ಟಳು. ಮೇಲೆ ಉದ್ದಕ್ಕೆ ಅಡ್ಡಕ್ಕೆ ಜಾಲರಿಯ ಗೆರೆ ಚೌಕ ಚೌಕವಾಗಿ ಮೂಡಿತ್ತು. ವಿಲ್ಮಾ ಗೆರೆಯ ಬಗ್ಗೆ ಒಂದು ಮಾತೂ ಆಡದೆ ಎರಡು ತುಂಡು ತಿಂದಳು. ಇಷ್ಟು ವರ್ಷದಲ್ಲಿ ಅವಳು ನೊರೀನಳಿಗೆ ತೋರಿಸಿದ ಅತಿ ದೊಡ್ಡ ವಿನಯ ಅದು.

ಆಮೇಲೆ ಹೇಳಿದಳು. ಮೀನು ಕಚ್ಚುತ್ತಿಲ್ಲ, ಡೆಸ್ ಬರುವುದಿಲ್ಲ, ತಾನು ಯಾವುದೋ ಕಂಪನಿಯ ಡೈರೆಕ್ಟರ್ ಅಂತೆ, ಮನೆ ಹೋಗುವ ಹಾಗಿದೆ. ಹೇಳುವಾಗ ನೊರೀನಳ ಮುಖ ನೋಡುವ ಧೈರ್ಯವಾಗದೆ ಫ್ರಿಜ್ಜಿನ ಮೇಲಿದ್ದ ತನ್ನದೇ ಚೀಟಿಯನ್ನು ನೋಡುತ್ತಿದ್ದಳು. ಹನ್ನೊಂದು ವರ್ಷಕ್ಕೆ ಶಾಯಿ ಕಂದಿತ್ತು. ರುಜು ಮಾತ್ರ ಇನ್ನೂ ಸ್ಪಷ್ಟವಾಗಿ ಕೆಳಗೆ ಇಳಿಯುತ್ತಿತ್ತು. ಶೆಡ್ಡಿನಲ್ಲೂ ಅವಳು ನಿಂತೇ ಬರೆಯುತ್ತಿದ್ದಳು.

"ಊರಿಗೆಲ್ಲ ಗೊತ್ತು ಕಣೇ" ಅಂದಳು ನೊರೀನ್. "ಅಂಗಡೀಲಿ ದುಡ್ಡು ಕೊಡೋ ಹೊತ್ತಿಗೆ ಬೆಣ್ಣೆ ವಾಪಸ್ ಇಡ್ತಿದ್ಯಲ್ಲ, ಪ್ರತಿ ವಾರ. ನಿನ್ನ ಹಿಂದೆ ನಿಂತಿದ್ದವಳು ನಾನೇ."

"ಒಂದು ಮಾತು ಕೇಳಬಾರದಿತ್ತಾ?"

"ನಿನ್ನನ್ನಾ? ನೀನು ಆ ಬೆಣ್ಣೇಲೂ ತಪ್ಪು ಹುಡುಕಿ ವಾಪಸ್ ಇಟ್ಟೆ ಅನ್ನೋ ಥರ ಮುಖ ಮಾಡ್ತಿದ್ದೆ. ಯಾರಿಗೆ ಧೈರ್ಯ ಬರುತ್ತೆ?" ನೊರೀನ್ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. "ಕೇಳಬೇಕಿತ್ತು. ಅದು ನನ್ನ ತಪ್ಪೇ."

ಅವಳು ಎದ್ದು ಬಟ್ಟೆ ಒಗೆಯುವ ಕೋಣೆಯ ಕಪಾಟಿನಿಂದ ಒಂದು ಹಸಿರು ಪುಸ್ತಕ ತಂದಳು. ಎಂಟು ವರ್ಷದ ಹಿಂದಿನ ಆ ಶನಿವಾರದ ಪುಟ ತೆರೆದಳು. ವಿಲ್ಮಾ ಬಗ್ಗಿ ನೋಡಿದಳು. ಉಳಿದ ಶೆಡ್ಡುಗಳ ಉಸ್ತುವಾರಿಗಳು ಅರ್ಧ ಪುಟ ಬರೆಯುವ ಕಡೆ ನೊರೀನ್ ನಾಲ್ಕು ಪುಟ ಬರೆದಿದ್ದಳು. ಎಂಟಕ್ಕೆ ಬೀಗ. ಒಂಬತ್ತು ಹತ್ತಕ್ಕೆ ತೀರ್ಪುಗಾರ್ತಿ ಸೀನಿದರು, ಕೇಕಿನ ಕಡೆಗಲ್ಲ. ಹತ್ತು ಇಪ್ಪತ್ತೆರಡಕ್ಕೆ ಶೌಚಾಲಯಕ್ಕೆ, ಜೊತೆಯಲ್ಲಿ ನಾನು. ಹತ್ತು ಇಪ್ಪತ್ತೊಂಬತ್ತಕ್ಕೆ ವಾಪಸ್, ಕೈ ತೊಳೆದರು, ಸೋಪು ಬಳಸಿದರು. ಹತ್ತು ಮೂವತ್ತಕ್ಕೆ ಹಣ್ಣಿನ ಕೇಕುಗಳ ವಿಭಾಗ ಶುರು. ಪ್ರತಿ ಸಾಲಿನ ಮುಂದೆ ವಿಲ್ಮಾಳ ರುಜು, ಒಂದೊಂದೂ ಕೆಳಗೆ ಇಳಿದಿತ್ತು. ಪ್ರದರ್ಶನದ ಮೈದಾನದಿಂದ ಅವಳ ಮನೆಯ ಅಡುಗೆಕೋಣೆಗೆ ಹದಿನಾಲ್ಕು ಕಿಲೋಮೀಟರು.

ಸೋಪಿನ ವಿಷಯವನ್ನೂ ಯಾಕೆ ಬರೆದೆ ಎಂದು ವಿಲ್ಮಾ ಕೇಳಿದಳು.

"ನಿನ್ನ ತಪ್ಪು ಹಿಡಿಯೋಕೆ" ಅಂದಳು ನೊರೀನ್. "ಒಂದಲ್ಲ ಒಂದು ದಿನ ನೀನು ನಿಯಮ ಮುರೀತೀಯ, ಕೈಗೆ ಸಿಕ್ತೀಯ ಅಂತ ಹತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಬರ್ದಿದೀನಿ. ಹಾಳಾದವಳು, ಒಂದು ಸಲವೂ ಸಿಗಲಿಲ್ಲ."

ವಿಲ್ಮಾ ನಕ್ಕಳು. ನಗುತ್ತಿದ್ದಂತೆಯೇ ಮೇಜಿಗೆ ತಲೆಯಿಟ್ಟು ಅತ್ತಳು. ನೊರೀನ್ ಅವಳ ಬೆನ್ನಿನ ಮೇಲೆ ಕೈಯಿಟ್ಟಳು, ಅಂಥದ್ದು ಅಭ್ಯಾಸವಿಲ್ಲದ್ದರಿಂದ ಒಂದೆರಡು ಸಲ ತಟ್ಟಿ ತೆಗೆದಳು.

ಬುಧವಾರ ಇಬ್ಬರೂ ಗ್ರಂಥಾಲಯಕ್ಕೆ ಹೋದರು. ನೊರೀನ್ ತಾನು ಕಂಡದ್ದನ್ನು ಪ್ರಮಾಣ ಮಾಡಿ ಬರೆದುಕೊಡಬೇಕಿತ್ತು. ಥಿಯಾ ಕೊಟ್ಟ ಎರಡು ಪುಟದ ಹೇಳಿಕೆಯನ್ನು ಅವಳು ಇಪ್ಪತ್ತು ನಿಮಿಷ ಓದಿದಳು, "ಸುಮಾರು ಹತ್ತೂವರೆ" ಎಂದಿದ್ದ ಕಡೆ "ಸುಮಾರು" ಹೊಡೆದುಹಾಕಿಸಿ ಆಮೇಲೆ ರುಜು ಹಾಕಿದಳು. ವಿಲ್ಮಾ ಅದನ್ನು ನೋಡುತ್ತ ಕೂತಿದ್ದಳು. ಕಾಗದವನ್ನು ಹೀಗೂ ಓದಬಹುದು ಎಂದು ಅವಳಿಗೆ ಹೊಸದಾಗಿ ತಿಳಿದಂತಿತ್ತು. ಹಸಿರು ಪುಸ್ತಕದ ನಾಲ್ಕು ಪುಟವೂ ಸೋಪಿನ ಸಮೇತ ತೆರಿಗೆ ಕಚೇರಿಗೆ ಹೋದವು. ಇಬ್ಬರೂ ಹೊರಡುವಾಗ ಹೆಣಿಗೆಯ ಗುಂಪಿನಲ್ಲೊಬ್ಬಳು ವಿಲ್ಮಾಳನ್ನು ತಡೆದು, ನಿನ್ನ ಗೆಳತಿಯ ಕೆಲಸ ಆಯ್ತಾ ಎಂದು ಕೇಳಿದಳು.

"ನನ್ನದೇ ಕೆಲಸ" ಅಂದಳು ವಿಲ್ಮಾ, ಎಲ್ಲರಿಗೂ ಕೇಳುವಂತೆ. ಕಡ್ಡಿಗಳು ನಿಂತವು. ಆಮೇಲೆ ಆ ಗುಂಪಿನ ಕೊನೆಯಲ್ಲಿ ಕೂತಿದ್ದ, ಯಾವಾಗಲೂ ಮಾತಾಡದ ಒಬ್ಬ ಹೆಂಗಸು ಹೆಣಿಗೆ ಕೆಳಗಿಟ್ಟು ಎದ್ದು, ಥಿಯಾ ಇನ್ನೂ ಒಳಗಿದ್ದಾರಾ ಎಂದು ಮೆಲ್ಲಗೆ ಕೇಳಿ ಆ ಕೋಣೆಯ ಕಡೆ ನಡೆದಳು. ಈ ಸಲ ಯಾರೂ ಅತ್ತ ತಿರುಗಿ ನೋಡಲಿಲ್ಲ.

ಅಕ್ಟೋಬರಿನಲ್ಲಿ ಮತ್ತೊಂದು ಕಿಟಕಿ ಕವರು ಬಂತು. ವಿಲ್ಮಾ ಅದನ್ನು ಹಿಡಿದುಕೊಂಡು ನೇರವಾಗಿ ಫ್ರೀಜರಿನ ಹತ್ತಿರ ಹೋಗಿ ಮುಚ್ಚಳ ಎತ್ತಿದ್ದೂ ಆಯಿತು. ಆಮೇಲೆ ತನ್ನನ್ನು ತಾನೇ ಬೈದುಕೊಂಡು, ಅಡುಗೆಕೋಣೆಗೆ ಬಂದು ಬ್ರೆಡ್ ಚಾಕುವಿನಿಂದ ಕೊಯ್ದಳು. ಮೇಲಿನಿಂದ ಕೆಳಗೆ ಓದಿದಳು, ಮತ್ತೆ ಓದಿದಳು. ಅವಳು ಆ ಕಂಪನಿಗೆ ಡೈರೆಕ್ಟರ್ ಆಗಲು ಒಪ್ಪಿದ್ದಕ್ಕೆ ಆಧಾರವಿಲ್ಲ. ಸಾಲ ಅವಳದಲ್ಲ. ಮನೆ ಮನೆಯಾಗಿಯೇ ಉಳಿಯಿತು. ಆ ಕ್ಷಣದ ಸಂತೋಷಕ್ಕೆ ಏನು ಮಾಡಬೇಕೆಂದು ತಿಳಿಯದೆ ಹಿತ್ತಲಿಗೆ ಹೋಗಿ ನಿಂಬೆಗಿಡಕ್ಕೆ ಮೂರು ಬಕೆಟ್ಟು ನೀರು ಹಾಕಿದಳು. ಥಿಯಾ ಅವಳ ಕ್ಯಾಂಟೀನ್ ಸಂಬಳದ ಹಳೆಯ ಲೆಕ್ಕವನ್ನೂ ಸಲ್ಲಿಸಿದ್ದರಿಂದ, ಅವಳಿಂದಲೇ ತೆರಿಗೆಯೆಂದು ಹೆಚ್ಚಾಗಿ ಹಿಡಿದಿದ್ದ ಸಾವಿರದ ಇನ್ನೂರು ಡಾಲರ್ ವಾಪಸ್ ಬಂತು, ಅವಳ ಸ್ವಂತ ಹೆಸರಿನ ಹೊಸ ಖಾತೆಗೆ. ಆ ವಾರ ಅಂಗಡಿಯಲ್ಲಿ ಬೆಣ್ಣೆ ವಾಪಸ್ ಇಡಲಿಲ್ಲ. ನಾಲ್ಕು ಕಟ್ಟು ತಂದಳು.

ನವೆಂಬರಿನ ಪ್ರದರ್ಶನ ಮುಗಿದ ಮರುವಾರ ಇನ್ನೊಂದು ಲಕೋಟೆ ಬಂತು, ಇದಕ್ಕೆ ಕಿಟಕಿ ಇರಲಿಲ್ಲ. ಡೆಸ್ ಕೈಬರಹ. ಒಳಗೆ ಒಂದು ಕಟ್ಟು ಕಾಗದ, ಮೂರು ಕಡೆ ಹಳದಿ ಚೀಟಿ, ಮೇಲೊಂದು ಸಾಲು. "ಚಿನ್ನ, ಹಳದಿ ಇರೋ ಕಡೆ ಒಂದು ಗೀಚಿ ಕಳಿಸು, ಅವಸರ ಇದೆ."

ವಿಲ್ಮಾ ಒಲೆ ಆರಿಸಿದಳು. ಮೇಜಿನ ಹತ್ತಿರ ಹೋಗಿ, ಅವನು ಯಾವಾಗಲೂ ಕೂರುತ್ತಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲು ಅವಳಿಗೆ ಮುಕ್ಕಾಲು ಗಂಟೆ ಬೇಕಾಯಿತು. ಅವನ ಹೊಸ ಸಾಲಕ್ಕೆ ಅವಳ ಮನೆಯನ್ನು ಅಡವಿಡುವ ಒಪ್ಪಿಗೆ ಅದು. ಅವಳು ಹಳದಿ ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಶೆಡ್ಡಿನಿಂದ ಉಳಿದು ಬಂದಿದ್ದ ತೀರ್ಪಿನ ಚೀಟಿಯೊಂದನ್ನು ಚೀಲದಿಂದ ತೆಗೆದು, ಪೆನ್ನು ಹಿಡಿದು, "ತಳ ನೋಡಲಾಗಿದೆ. ಸ್ಪರ್ಧೆಗೆ ಅರ್ಹವಲ್ಲ" ಎಂದು ಬರೆದು ಕಾಗದದ ಕಟ್ಟಿಗೆ ಚುಚ್ಚಿದಳು.

ಆ ತೀರ್ಪಿನ ಚೀಟಿಯ ಕೆಳಗೆ ರುಜು ಹಾಕಿದಳು. ಕೂತು ಹಾಕಿದ್ದರಿಂದ ಅದು ಗೆರೆಯ ಮೇಲೆ ನೇರವಾಗಿ ನಿಂತಿತು. ಇದನ್ನು ನೋಡಿದರೆ ಡೆಸ್ ತನ್ನದೇ ಕೈಬರಹ ಅಂದುಕೊಂಡಾನು ಅನ್ನಿಸಿ ಅವಳಿಗೆ ನಗು ಬಂತು. ಅಂಚೆಗೆ ಹಾಕಲು ಎದ್ದವಳು ಮತ್ತೆ ಕೂತಳು. ಕುರ್ಚಿ ಚೆನ್ನಾಗಿತ್ತು. ಇಷ್ಟು ವರ್ಷ ಅದು ಅವಳ ಮನೆಯಲ್ಲೇ ಇತ್ತು.